ಕ್ಯಾನ್ಸರ್ ಕೋಶದ ಸಕ್ಕರೆ ಹೊದಿಕೆ: ಕ್ಯಾರೊಲಿನ್ ಬರ್ಟೋಜಿ ಅವರ ಸಂಶೋಧನೆ ಕುರಿತ ಅಧ್ಯಯನ ಟಿಪ್ಪಣಿ

ಪ್ರೋಟೀನ್ ತಯಾರಾಗುತ್ತಿರುವಾಗಲೇ ಅಥವಾ ತಯಾರಾದ ಮೇಲೆ ಅದಕ್ಕೆ ಕಿಣ್ವಗಳು ಸಕ್ಕರೆಯ ಸರಪಳಿಗಳನ್ನು ಜೋಡಿಸುವ ಕ್ರಿಯೆಯೇ ಗ್ಲೈಕೋಸೈಲೇಶನ್. ಆ ಸರಪಳಿಗೆ ಗ್ಲೈಕಾನ್ ಎಂದು ಹೆಸರು. ಇಂಥ ಗ್ಲೈಕಾನ್ಗಳು ಕೋಶದ ಹೊರಮೈಯನ್ನು ಹೊದಿಕೆಯಂತೆ ಮುಚ್ಚಿರುತ್ತವೆ. ಪಠ್ಯಪುಸ್ತಕದಲ್ಲಿ ಇದಕ್ಕೆ ಸಿಗುವ ಜಾಗ ತೀರಾ ಕಡಿಮೆ. ಆದರೆ ಕ್ಯಾನ್ಸರ್ ಕೋಶವು ದೇಹದ ರಕ್ಷಣಾ ವ್ಯವಸ್ಥೆಯಿಂದ ಹೇಗೆ ಪಾರಾಗುತ್ತದೆ ಎಂದು ತಿಳಿಯಬೇಕಾದರೆ ಈ ಹೊದಿಕೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಎರಡು ಮುಖ್ಯ ಬಗೆಗಳನ್ನು ನೆನಪಿಡಿ. ಎನ್-ಬಗೆಯಲ್ಲಿ ಸರಪಳಿಯು ಪ್ರೋಟೀನಿನಲ್ಲಿರುವ ಅಮೈನೋ ಆಮ್ಲ ಆಸ್ಪರಜಿನ್‌ಗೆ ಅಂಟುತ್ತದೆ. ಅದರ ಮುಂದೆ ಪ್ರೋಲಿನ್ ಅಲ್ಲದ ಯಾವುದಾದರೂ ಒಂದು ಅಮೈನೋ ಆಮ್ಲ, ಅದರಾಚೆ ಸೆರಿನ್ ಅಥವಾ ಥ್ರಿಯೋನಿನ್ ಇರಬೇಕು. 14 ಸಕ್ಕರೆಗಳ ಸಿದ್ಧ ಗುಚ್ಛವೊಂದು ಕೋಶದೊಳಗೆ ಪ್ರೋಟೀನ್ ತಯಾರಾಗುವ ಜಾಗವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲಿ ಇಡಿಯಾಗಿ ವರ್ಗವಾಗಿ, ಆಮೇಲೆ ಅಲ್ಲೂ, ಪ್ರೋಟೀನನ್ನು ತಿದ್ದಿ ರವಾನಿಸುವ ಗಾಲ್ಗಿಯಲ್ಲೂ ಕತ್ತರಿಸಲ್ಪಟ್ಟು ಹೊಸ ರೂಪ ಪಡೆಯುತ್ತದೆ. ಒ-ಬಗೆಯಲ್ಲಿ ಸೆರಿನ್ ಅಥವಾ ಥ್ರಿಯೋನಿನ್‌ಗೆ ಸಕ್ಕರೆಗಳು ಒಂದೊಂದಾಗಿ ಸೇರುತ್ತವೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಪ್ರೋಟೀನಿನ ಅಮೈನೋ ಆಮ್ಲಗಳ ಕ್ರಮ ಡಿಎನ್‌ಎಯಲ್ಲಿ ಬರೆದಿರುತ್ತದೆ. ಗ್ಲೈಕಾನ್‌ಗೆ ಅಂಥ ನೇರ ಅಚ್ಚು ಇಲ್ಲ. ಯಾವ ಕಿಣ್ವ ಎಷ್ಟಿದೆ, ಕಚ್ಚಾವಸ್ತು ಎಷ್ಟು ಸಿಗುತ್ತಿದೆ ಎಂಬುದರ ಮೇಲೆ ಅದರ ರೂಪ ನಿಂತಿದೆ. ಆದ್ದರಿಂದಲೇ ಕೋಶ ಕ್ಯಾನ್ಸರ್‌ಗೆ ತಿರುಗಿದಾಗ ಹೊದಿಕೆಯೂ ಬದಲಾಗುತ್ತದೆ: ಎನ್-ಸರಪಳಿಗಳಲ್ಲಿ ಕವಲುಗಳು ಹೆಚ್ಚುತ್ತವೆ, ಒ-ಸರಪಳಿಗಳು ಅರ್ಧಕ್ಕೇ ನಿಲ್ಲುತ್ತವೆ, ತುದಿಗಳಲ್ಲಿ ಸಿಯಾಲಿಕ್ ಆಮ್ಲ ಎಂಬ ಸಕ್ಕರೆ ತುಂಬಿಕೊಳ್ಳುತ್ತದೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಲ್ಲಿ ರಕ್ತದಲ್ಲಿ ಅಳೆಯುವ ಸಿಎ 19-9 ಎಂಬ ರೋಗಸೂಚಕ ಕೂಡ ಸಿಯಾಲಿಕ್ ಆಮ್ಲ ಹೊತ್ತ ಒಂದು ಗ್ಲೈಕಾನ್ ರಚನೆಯೇ.

ನೇರ ಅಚ್ಚು ಇಲ್ಲದ್ದನ್ನು ಜೀವಂತ ಕೋಶದಲ್ಲಿ ನೋಡುವುದು ಹೇಗೆ? ಪ್ರೋಟೀನಿಗಾದರೆ ಹೊಳೆಯುವ ಇನ್ನೊಂದು ಪ್ರೋಟೀನನ್ನು ಜೀನ್ ಮೂಲಕ ಬೆಸೆಯಬಹುದು. ಸಕ್ಕರೆಗೆ ಆ ದಾರಿ ಮುಚ್ಚಿದೆ. ಅಮೆರಿಕದ ರಸಾಯನ ವಿಜ್ಞಾನಿ ಬರ್ಟೋಜಿ ಬೇರೊಂದು ದಾರಿ ಹುಡುಕಿದರು. ಮ್ಯಾನೋಸಮೈನ್ ಎಂಬ ಸಕ್ಕರೆಯ ಒಂದು ರೂಪಕ್ಕೆ ಆಝೈಡ್ ಎಂಬ ಪರಮಾಣುಗಳ ಪುಟ್ಟ ಗುಂಪನ್ನು ಸೇರಿಸಿ ಕೋಶಗಳಿಗೆ ಉಣಿಸಿದರು. ಕೋಶ ಅದನ್ನು ತನ್ನದೇ ಸಕ್ಕರೆಯೆಂದು ಬಗೆದು ಸಿಯಾಲಿಕ್ ಆಮ್ಲವಾಗಿ ಮಾರ್ಪಡಿಸಿ ಹೊರಮೈಯ ಗ್ಲೈಕಾನ್‌ಗಳಲ್ಲಿ ಕೂರಿಸಿತು. ಆಝೈಡ್‌ ಜೊತೆ ಮಾತ್ರ ಕೂಡಿಕೊಳ್ಳುವ ಗುರುತಿನ ಅಣುವನ್ನು ಆಮೇಲೆ ಬಿಟ್ಟರೆ ಸಾಕು, ಸಕ್ಕರೆ ಎಲ್ಲಿದೆಯೆಂದು ಪತ್ತೆಯಾಗುತ್ತದೆ. 2000ರಲ್ಲಿ ಪ್ರಕಟವಾದ ಈ ಕೆಲಸಕ್ಕೆ ಸ್ಟೌಡಿಂಗರ್ ಎಂಬ ಹಳೆಯ ರಾಸಾಯನಿಕ ಕ್ರಿಯೆಯ ಮಾರ್ಪಾಡು ಆಧಾರವಾಗಿತ್ತು. 2004ರಲ್ಲಿ ಅವರ ತಂಡ ಇನ್ನೊಂದು ವಿಧಾನ ತಂದಿತು: ಆಝೈಡ್ ಕ್ರಿಯೆಯನ್ನು ಚುರುಕುಗೊಳಿಸಲು ಬಳಸುತ್ತಿದ್ದ ತಾಮ್ರದ ವೇಗವರ್ಧಕ ಕೋಶಗಳಿಗೆ ವಿಷವಾಗುತ್ತದೆಂದು, ಸೈಕ್ಲೋಆಕ್ಟೈನ್ ಎಂಬ ಅಣುವಿನ ಬಿಗಿಯಾಗಿ ಬಾಗಿದ ಉಂಗುರದ ಒತ್ತಡವನ್ನೇ ಬಳಸಿ ತಾಮ್ರವಿಲ್ಲದೆ ಕ್ರಿಯೆ ನಡೆಸಿತು. ಜೀವಿಯ ಸ್ವಂತ ಕ್ರಿಯೆಗಳಿಗೆ ಅಡ್ಡಬಾರದ ಇಂಥ ರಸಾಯನಶಾಸ್ತ್ರಕ್ಕಾಗಿಯೇ 2022ರ ರಸಾಯನ ವಿಜ್ಞಾನದ ನೊಬೆಲ್‌ನಲ್ಲಿ ಮಾರ್ಟನ್ ಮೆಲ್ಡಾಲ್, ಬ್ಯಾರಿ ಶಾರ್ಪ್‌ಲೆಸ್ ಅವರೊಂದಿಗೆ ಬರ್ಟೋಜಿ ಪಾಲು ಪಡೆದರು. ಉಪಕರಣವೇ ಇಲ್ಲವೆಂದು ಕೈಬಿಟ್ಟಿದ್ದರೆ ಮುಂದಿನ ಯಾವ ಪ್ರಶ್ನೆಯನ್ನೂ ಕೇಳಲಾಗುತ್ತಿರಲಿಲ್ಲ ಎನ್ನುವುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ಈಗ ಕ್ಯಾನ್ಸರ್‌ಗೆ ಬರೋಣ. ನಮ್ಮ ರೋಗನಿರೋಧಕ ಕೋಶಗಳ ಮೇಲೆ ಸಿಗ್ಲೆಕ್ ಎಂಬ ಗ್ರಾಹಕಗಳಿವೆ, ಅಂದರೆ ಹೊರಗಿನ ಅಣುಗಳನ್ನು ಹಿಡಿಯುವ ಪ್ರೋಟೀನುಗಳು. ಇವುಗಳಲ್ಲಿ ಹಲವು ಸಿಯಾಲಿಕ್ ಆಮ್ಲವನ್ನು ಹಿಡಿದಾಗ ‘ಇದು ನಮ್ಮದೇ ಕೋಶ, ದಾಳಿ ಬೇಡ’ ಎಂಬ ಸಂಕೇತವನ್ನು ಒಳಗೆ ಕಳಿಸುತ್ತವೆ. ಆರೋಗ್ಯವಂತ ಕೋಶಗಳನ್ನು ಕಾಯುವ ಬ್ರೇಕ್ ಇದು. ಸಿಯಾಲಿಕ್ ಆಮ್ಲ ದಟ್ಟೈಸಿದ ಕ್ಯಾನ್ಸರ್ ಕೋಶ ಇದರ ಲಾಭ ಪಡೆಯುತ್ತದೆ. ಇದು ಕೇವಲ ಸಹಸಂಬಂಧವೋ, ನಿಜವಾದ ಕಾರಣವೋ? 2014ರಲ್ಲಿ ಬರ್ಟೋಜಿ ಪ್ರಯೋಗಾಲಯವು ಸಿಯಾಲಿಕ್ ಆಮ್ಲ ಹೊತ್ತ ಕೃತಕ ಪಾಲಿಮರ್‌ಗಳನ್ನು ಕೋಶಗಳ ಮೇಲೆ ಹೊದಿಸಿ ನೋಡಿತು. ಸಿಗ್ಲೆಕ್-7ರ ಮೂಲಕ ಎನ್‌ಕೆ ಕೋಶಗಳು (ಕೆಟ್ಟ ಕೋಶಗಳನ್ನು ಕೊಲ್ಲುವ ಒಂದು ಬಗೆಯ ರೋಗನಿರೋಧಕ ಕೋಶಗಳು) ತಡೆಯಲ್ಪಟ್ಟು, ಹೊದಿಕೆಯ ಕೋಶಗಳು ಬದುಕುಳಿದವು. ನೋಡಿದ್ದನ್ನು ವರ್ಣಿಸಿ ನಿಲ್ಲದೆ ತಾವೇ ಕಟ್ಟಿ ಪರೀಕ್ಷಿಸಿದ ಈ ಕ್ರಮವನ್ನು ಎರಡು ಸಲ ಓದಿ.

ಸಿಯಾಲಿಕ್ ಆಮ್ಲವನ್ನು ಕಿತ್ತುಹಾಕುವ ಕಿಣ್ವ ಸಿಯಾಲಿಡೇಸ್. ಅದನ್ನು ಹಾಗೆಯೇ ದೇಹಕ್ಕೆ ಬಿಟ್ಟರೆ ಆರೋಗ್ಯವಂತ ಕೋಶಗಳ ಹೊದಿಕೆಯೂ ಹೋಗುತ್ತದೆ. ಆದ್ದರಿಂದ 2016ರ ಅಧ್ಯಯನದಲ್ಲಿ ಈ ಕಿಣ್ವವನ್ನು ಟ್ರಾಸ್ಟುಜುಮ್ಯಾಬ್ ಎಂಬ ಪ್ರತಿಕಾಯಕ್ಕೆ ಜೋಡಿಸಲಾಯಿತು. ಎಚ್‌ಇಆರ್2 ಪ್ರೋಟೀನ್ ಇರುವ ಸ್ತನ ಕ್ಯಾನ್ಸರ್ ಕೋಶಗಳನ್ನು ಪ್ರತಿಕಾಯ ಹುಡುಕಿಕೊಂಡು ಹೋಗುತ್ತದೆ, ಅಲ್ಲೇ ಕಿಣ್ವ ಕೆಲಸ ಮಾಡುತ್ತದೆ. ಪ್ರಯೋಗಾಲಯದಲ್ಲಿ ಎನ್‌ಕೆ ಕೋಶಗಳು ಆ ಗುರಿಗಳನ್ನು ಹೆಚ್ಚು ಚೆನ್ನಾಗಿ ಕೊಂದವು. 2020ರಲ್ಲಿ ಇದನ್ನು ಇಲಿಗಳಲ್ಲಿ ಪರೀಕ್ಷಿಸಿದಾಗ ಗಡ್ಡೆಯೊಳಗೆ ರೋಗನಿರೋಧಕ ಕೋಶಗಳು ಹೆಚ್ಚಾಗಿ ನುಗ್ಗಿದವು, ಇಲಿಗಳು ಹೆಚ್ಚು ಕಾಲ ಬದುಕಿದವು. ಆದರೆ ಈ ಪರಿಣಾಮ ಸಿಗ್ಲೆಕ್-ಇ ಎಂಬ ಗ್ರಾಹಕ ಇದ್ದಾಗ ಮಾತ್ರ ಕಾಣಿಸಿತು. ಚಿಕಿತ್ಸೆ ಸಡಿಲಿಸಿದ್ದು ಅದೇ ಬ್ರೇಕನ್ನು ಎಂಬುದಕ್ಕೆ ಇದೇ ಸಾಕ್ಷಿ.