ಎಕ್ಸ್‌ಎಂಎಲ್-ಆರ್‌ಪಿಸಿ ಟಿಪ್ಪಣಿ: ಫಾಲ್ಟ್ ಎಲ್ಲಿ ಹುಟ್ಟಬೇಕು?

ಚಿಕ್ಕಮಗಳೂರು, ಮೂಡಿಗೆರೆ ಕಡೆಯ ಕಾಫಿ ತೋಟಗಳ ಮಳೆ ಲೆಕ್ಕ ಇಡುವ ಪುಟ್ಟ ತಾಣವೊಂದನ್ನು ಗೆಳೆಯರು ಸೇರಿ ಕಟ್ಟುತ್ತಿದ್ದೇವೆ. ಫ್ರೇಮ್‌ವರ್ಕ್ ನಮ್ಮದೇ, ಪೈಥಾನ್‌ನಲ್ಲಿ ಬರೆದದ್ದು. ನಡೆನುಡಿಯೆಲ್ಲ ಜೋಪ್ ಎಂಬ ಹಳೆಯ ಪೈಥಾನ್ ವೆಬ್ ಫ್ರೇಮ್‌ವರ್ಕ್‌ನಿಂದ ಕಲಿತದ್ದು. ಕೆಳಗೆ ಎಸ್‌ಕ್ಯೂಲೈಟ್ ಡೇಟಾಬೇಸ್ ಇದೆ. ಬ್ರೌಸರ್‌ನಲ್ಲಿ ಫಾರ್ಮ್ ತುಂಬಿ ಮಳೆ ಸೇರಿಸುವುದು ಆಗಲೇ ನಡೆಯುತ್ತಿದೆ. ಈಗ ಬೇಕಾಗಿರುವುದು ಬೇರೆ: ತೋಟದ ಆಫೀಸಿನ ಕಂಪ್ಯೂಟರ್‌ನಲ್ಲಿರುವ ಸ್ಕ್ರಿಪ್ಟು ಫಾರ್ಮಿನ ಗೊಡವೆಯಿಲ್ಲದೆ ನಮ್ಮ ಮೆಥಡ್‌ಗಳನ್ನು ನೇರವಾಗಿ ಕರೆಯಬೇಕು. ಆ ಕರೆ ಎಡವಿದಾಗ ಕರೆದವರಿಗೆ ಹೋಗುವ ದೋಷದ ಉತ್ತರ, ಅಂದರೆ ಫಾಲ್ಟ್, ಎಲ್ಲಿ ಹುಟ್ಟಬೇಕು ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಜೊತೆಗೆ ಕಲಿಯುತ್ತಿರುವವರಿಗೆ ಉಪಯೋಗವಾಗಲಿ ಎಂದು ಬರೆದಿಡುತ್ತಿದ್ದೇನೆ. ಎಚ್‌ಟಿಟಿಪಿ ಹೇಗೆ ನಡೆಯುತ್ತದೆ ಎನ್ನುವುದನ್ನು ಇಲ್ಲಿ ಹೇಳುವುದಿಲ್ಲ.

ಆಯ್ದುಕೊಂಡದ್ದು ಎಕ್ಸ್‌ಎಂಎಲ್-ಆರ್‌ಪಿಸಿ: ದೂರದ ಕಂಪ್ಯೂಟರ್‌ನಲ್ಲಿರುವ ಮೆಥಡನ್ನು ಎಚ್‌ಟಿಟಿಪಿ ಮೂಲಕ, ಎಕ್ಸ್‌ಎಂಎಲ್‌ನಲ್ಲಿ ಬರೆದು ಕರೆಯುವ ರೀತಿ. 1998ರಲ್ಲಿ ಡೇವ್ ವೈನರ್ ಮತ್ತು ಮೈಕ್ರೋಸಾಫ್ಟ್‌ನವರು ಸೇರಿ ರೂಪಿಸಿದ್ದು. ಸೋಪ್ ಎಂಬ ಇನ್ನೊಂದು ಕರೆಯ ರೀತಿ ಇದೇ ಮನೆತನದ್ದು, ಆಮೇಲೆ ದಪ್ಪಗಾಯಿತು. ಎಕ್ಸ್‌ಎಂಎಲ್-ಆರ್‌ಪಿಸಿಯ ನಿಯಮಾವಳಿಯನ್ನು ಒಂದು ಕಾಫಿ ಕುಡಿಯುವಷ್ಟರಲ್ಲಿ ಓದಿ ಮುಗಿಸಬಹುದು. ಪೈಥಾನ್‌ನ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲೇ ಕ್ಲೈಂಟೂ ಇದೆ, ಸರ್ವರೂ ಇದೆ. ತೋಟದ ಕಂಪ್ಯೂಟರ್‌ನಲ್ಲಿ ಏನನ್ನೂ ಇನ್‌ಸ್ಟಾಲ್ ಮಾಡಿಸಬೇಕಿಲ್ಲ. ಹೊಸದೇ ಬೇಕು ಎನ್ನುವವರು ಜೇಸನ್-ಆರ್‌ಪಿಸಿ ಹಿಡಿಯಲಿ. ಕೆಳಗೆ ಹೇಳುವುದರಲ್ಲಿ ಮುಖ್ಯವಾದದ್ದು ಅದಕ್ಕೂ ಹೊಂದುತ್ತದೆ.

ಒಳಗೆ ಬರುವ ದಾರಿ

ಜೋಪ್‌ನಿಂದ ಕಲಿತ ಆಬ್ಜೆಕ್ಟ್ ಪಬ್ಲಿಷಿಂಗ್ ಎಂದರೆ ಇಷ್ಟು: ಯುಆರ್‌ಎಲ್‌ನ ಹಾದಿಯನ್ನು ಓರೆಗೆರೆಯಲ್ಲಿ ತುಂಡು ಮಾಡಿ, ಒಂದೊಂದು ತುಂಡಿಗೂ ಅದೇ ಹೆಸರಿನ ಆಬ್ಜೆಕ್ಟ್ ಹುಡುಕುತ್ತ ಕೆಳಗಿಳಿಯುವುದು. ಕೊನೆಗೆ ಸಿಕ್ಕಿದ್ದನ್ನು ಕರೆಯುವುದು. ಅದು ಹಿಂತಿರುಗಿಸಿದ್ದೇ ಪುಟ. ಈ ಕೆಲಸ ಮಾಡುವ ಭಾಗವೇ ಪಬ್ಲಿಷರ್.

ಆರ್‌ಪಿಸಿ ಕರೆ ಬಂದಾಗ ವ್ಯತ್ಯಾಸ ಮೂರೇ. ಅದು ಯಾವಾಗಲೂ ಪೋಸ್ಟ್. ಕಂಟೆಂಟ್ ಟೈಪ್ 'ಟೆಕ್ಸ್ಟ್/ಎಕ್ಸ್‌ಎಂಎಲ್'. ಬಾಡಿಯಲ್ಲಿ ಮೆಥಡ್‌ನ ಹೆಸರು ಮತ್ತು ಆರ್ಗ್ಯುಮೆಂಟ್‌ಗಳು ಎಕ್ಸ್‌ಎಂಎಲ್ ರೂಪದಲ್ಲಿರುತ್ತವೆ. ಇದಕ್ಕಾಗಿ ಹೊಸದೊಂದು ಡಿಸ್ಪ್ಯಾಚರ್ (ಕರೆಯನ್ನು ಸರಿಯಾದ ಮೆಥಡ್‌ಗೆ ತಲುಪಿಸುವ ಭಾಗ) ಬರೆಯಬೇಕು, ಮೆಥಡ್‌ಗಳನ್ನೆಲ್ಲ ಅದರಲ್ಲಿ ರಿಜಿಸ್ಟರ್ ಮಾಡಬೇಕು ಅಂತ ಮೊದಲು ಅನಿಸುತ್ತದೆ. ಬೇಡ. ಜೋಪ್ ಮಾಡಿದ ಉಪಾಯ ನನಗೆ ಬಹಳ ಹಿಡಿಸಿತು: ಮೆಥಡ್ ಹೆಸರಿನಲ್ಲಿರುವ ಚುಕ್ಕಿಗಳನ್ನೆಲ್ಲ ಓರೆಗೆರೆ ಮಾಡಿ, ಬಂದ ಯುಆರ್‌ಎಲ್ ಹಾದಿಯ ಬಾಲಕ್ಕೆ ಅಂಟಿಸಿಬಿಡುತ್ತದೆ. ಅಂದರೆ 'ಮೂಡಿಗೆರೆ' ಎಂಬ ವಿಳಾಸಕ್ಕೆ 'ಮಳೆ.ಸೇರಿಸು' ಎಂಬ ಕರೆ ಬಂದರೆ, ಬ್ರೌಸರ್‌ನಿಂದ 'ಮೂಡಿಗೆರೆ/ಮಳೆ/ಸೇರಿಸು' ಪುಟ ಕೇಳಿದಂತೆಯೇ ಆಯಿತು. (ಇವು ತಿಳಿಸಲು ಕೊಟ್ಟ ಹೆಸರು. ನಿಜವಾದ ಮೆಥಡ್ ಹೆಸರಿನಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್, ಚುಕ್ಕಿ, ಕೋಲನ್, ಓರೆಗೆರೆ ಮಾತ್ರ ನಡೆಯುತ್ತವೆ.) ಅಂಟಿಸುವ ಮೊದಲು ಹಾದಿಯ ಕೊನೆಯಲ್ಲಿ ಓರೆಗೆರೆ ಇದ್ದರೆ ಕಿತ್ತುಹಾಕಿ.

ಇದರ ದೊಡ್ಡ ಲಾಭ ಸುರಕ್ಷತೆಯದ್ದು. ಅಂಡರ್‌ಸ್ಕೋರ್‌ನಿಂದ ಶುರುವಾಗುವ ಹೆಸರು ಹೊರಗೆ ಕಾಣಬಾರದು, ಡಾಕ್‌ಸ್ಟ್ರಿಂಗ್ (ಕೋಡಿನೊಳಗೇ ಬರೆಯುವ ವಿವರಣೆ) ಇಲ್ಲದ್ದು ಪ್ರಕಟವಾಗಬಾರದು ಎಂಬ ಜೋಪ್‌ನ ಕಟ್ಟಳೆಗಳೆಲ್ಲ ಆರ್‌ಪಿಸಿಗೂ ತಾವಾಗಿಯೇ ಅನ್ವಯಿಸುತ್ತವೆ. ಪ್ರತ್ಯೇಕ ಡಿಸ್ಪ್ಯಾಚರ್ ಬರೆದಿದ್ದರೆ ಅವನ್ನೆಲ್ಲ ಮತ್ತೆ ಬರೆಯಬೇಕಿತ್ತು, ಒಂದನ್ನಾದರೂ ಮರೆಯುತ್ತಿದ್ದೆವು.

ಎರಡು ಸಣ್ಣ ಮಾತು. ಕಂಟೆಂಟ್ ಟೈಪ್ ಹೆಡರ್‌ನಲ್ಲಿ 'ಚಾರ್‌ಸೆಟ್' ಬಾಲ ಅಂಟಿಕೊಂಡು ಬರಬಹುದು, ಹಾಗಾಗಿ ಪೂರ್ತಿ ಸಮ ಇದೆಯೇ ಎಂದು ನೋಡಬೇಡಿ, ಆರಂಭ ಮಾತ್ರ ನೋಡಿ. ಇನ್ನು ಬಂದ ಎಕ್ಸ್‌ಎಂಎಲ್ ಬಿಡಿಸುವ ಪೈಥಾನ್‌ನ 'ಲೋಡ್ಸ್' ಫಂಕ್ಷನ್ ಮೊದಲು ಆರ್ಗ್ಯುಮೆಂಟ್‌ಗಳನ್ನು, ಆಮೇಲೆ ಮೆಥಡ್ ಹೆಸರನ್ನು ಕೊಡುತ್ತದೆ. ತಿರುವುಮುರುವು. ಯಾಕೋ!

ಹೊರಗೆ ಹೋಗುವ ದಾರಿ

ಮೆಥಡ್ ಏನು ಕೊಟ್ಟಿತೋ ಅದನ್ನು, ಇದು ಉತ್ತರ ಎಂಬ ಸೂಚನೆಯೊಡನೆ, 'ಡಂಪ್ಸ್' ಫಂಕ್ಷನ್‌ಗೆ ಕೊಟ್ಟರೆ ಎಕ್ಸ್‌ಎಂಎಲ್ ಸಿದ್ಧ. ಉತ್ತರ ಯಾವಾಗಲೂ ಒಂದೇ ಮೌಲ್ಯ, ಅದನ್ನು ಒಂದೇ ಅಂಶದ ಟಪಲ್‌ನಲ್ಲಿ ಸುತ್ತಿ ಕೊಡಬೇಕು. ಮೌಲ್ಯದ ಮುಂದೆ ಅಲ್ಪವಿರಾಮ ಇದ್ದರೇ ಅದು ಟಪಲ್, ಬಿಟ್ಟರೆ ನಡೆಯದು. ಇಷ್ಟೇ.

ಫಾಲ್ಟ್: ಇಲ್ಲಿಯೇ ನಿಂತುಬಿಟ್ಟೆ

ನಿಯಮಾವಳಿಯಲ್ಲಿ ಒಂದು ಸಾಲಿದೆ: ಕೆಳಸ್ತರದ ದೋಷ ಇಲ್ಲದಿದ್ದರೆ ಯಾವಾಗಲೂ 200 ಓಕೆ ಕೊಡಬೇಕು. ಮೆಥಡ್ ಒಳಗೆ ಏನೇ ಎಡವಟ್ಟಾಗಲಿ, ಎಚ್‌ಟಿಟಿಪಿ ಮಟ್ಟದಲ್ಲಿ 200, ಬಾಡಿಯಲ್ಲಿ ಮಾತ್ರ ಫಾಲ್ಟ್. ಫಾಲ್ಟ್ ಎಂದರೆ ಒಂದು ಪೂರ್ಣಾಂಕದ ಕೋಡು, ಒಂದು ಸಾಲಿನ ವಿವರಣೆ.

ನಮ್ಮ ಫ್ರೇಮ್‌ವರ್ಕ್ ಇದಕ್ಕೆ ತದ್ವಿರುದ್ಧ. ದೋಷ ಬಂದರೆ 500, ಜೊತೆಗೆ 'ಕ್ಷಮಿಸಿ, ಏನೋ ತೊಂದರೆಯಾಗಿದೆ' ಎಂಬ ಚಂದದ ಎಚ್‌ಟಿಎಂಎಲ್ ಪುಟ. ಪೈಥಾನ್‌ನ ಕ್ಲೈಂಟು 200 ಬಿಟ್ಟು ಬೇರೇನನ್ನು ಕಂಡರೂ ಬಾಡಿಯ ಕಡೆ ತಿರುಗಿಯೂ ನೋಡದೆ 'ಪ್ರೊಟೊಕಾಲ್ ಎರರ್' ಎಸೆಯುತ್ತದೆ. ತೋಟದ ಲೆಕ್ಕ ಬರೆಯುವ ರೈಟರಿಗೆ ಕಾಣುವುದು 500 ಎಂಬ ಅಂಕಿ ಮಾತ್ರ. ಯಾವ ದಿನದ ಮಳೆ ತಪ್ಪಾಗಿದೆ ಎಂದು ತಿಳಿಯುವ ದಾರಿಯಿಲ್ಲ.

ಹಾಗಾದರೆ ಎಕ್ಸೆಪ್ಷನ್‌ಅನ್ನು (ಕೋಡು ಎಡವಿದಾಗ ಪೈಥಾನ್ ಎಸೆಯುವ ದೋಷವನ್ನು) ಹಿಡಿದು ಫಾಲ್ಟ್ ಮಾಡಬೇಕು. ಪ್ರಶ್ನೆ ಇರುವುದು, ಎಲ್ಲಿ ಹಿಡಿಯುವುದು?

ಕೈಗೆ ಹತ್ತಿರವಾದ ಜಾಗ ಮೆಥಡ್‌ನ ಸುತ್ತಲೇ. ಒಂದು ಡೆಕೊರೇಟರ್ (ಮೆಥಡ್‌ಗೆ ತೊಡಿಸುವ ಹೊದಿಕೆ) ಹಾಕಿ, ಒಳಗೆ ಏನು ಸಿಡಿದರೂ ಫಾಲ್ಟ್ ಮಾಡಿ ಹಿಂತಿರುಗಿಸುವುದು. ಓದಲು ಚಂದ, ಟೆಸ್ಟೂ ಪಾಸಾಗುತ್ತದೆ. ಆದರೆ ಒಂದು ಉದಾಹರಣೆ ಹಿಡಿದು ನಿಧಾನಕ್ಕೆ ನಡೆಯಿರಿ. ನಮ್ಮ ಕಡೆ ಮಳೆಯನ್ನು ಅಳೆಯುವುದು ಇಂಚು, ಸೆಂಟ್ಸ್ ಲೆಕ್ಕದಲ್ಲಿ. ನೂರು ಸೆಂಟ್ಸಿಗೆ ಒಂದು ಇಂಚು. 'ಎಂಬತ್ತು ಸೆಂಟ್ಸ್ ಬಂತು' ಎಂದರೆ 0.80 ಇಂಚು, ಹತ್ತಿರ ಹತ್ತಿರ 20 ಮಿಲಿಮೀಟರ್. ಸೋಮವಾರ ಬೆಳಗ್ಗೆ ಸ್ಕ್ರಿಪ್ಟು ಇಡೀ ವಾರದ ಏಳು ಲೆಕ್ಕವನ್ನು ಒಂದೇ ಕರೆಯಲ್ಲಿ ಕಳಿಸುತ್ತದೆ. ನಾಲ್ಕನೆಯ ದಿನಕ್ಕೆ ಯಾರೋ 0.80 ಬದಲು 80 ಎಂದು ಹಾಕಿದ್ದಾರೆ. ಒಂದೇ ದಿನಕ್ಕೆ ಎಂಬತ್ತು ಇಂಚು ಆಗುಂಬೆಯಲ್ಲೂ ಬೀಳದು! ನಮ್ಮ ತಪಾಸಣೆ ಎಕ್ಸೆಪ್ಷನ್ ಎಸೆಯುತ್ತದೆ.

ಈಗ ಗಮನಿಸಿ. ಮೊದಲ ಮೂರು ದಿನದ್ದು ಆಗಲೇ ಟೇಬಲ್ಲಿಗೆ ಬರೆದಾಗಿದೆ, ಕಮಿಟ್ ಆಗಿಲ್ಲ, ಅಂದರೆ ಇನ್ನೂ ಕಾಯಂ ಆಗಿಲ್ಲ. ಡೆಕೊರೇಟರ್ ಎಕ್ಸೆಪ್ಷನ್‌ಅನ್ನು ನುಂಗಿ ಫಾಲ್ಟ್ ಆಬ್ಜೆಕ್ಟ್ ಕೊಡುತ್ತದೆ. ಪಬ್ಲಿಷರ್‌ನ ದೃಷ್ಟಿಯಲ್ಲಿ ಏನಾಯಿತು? ಮೆಥಡ್ ಸುಖವಾಗಿ ಮುಗಿಯಿತು, ಏನೋ ಒಂದು ಮೌಲ್ಯ ಬಂತು. ಸರಿ, ಕಮಿಟ್. ಕ್ಲೈಂಟಿಗೆ 'ಆಗಲಿಲ್ಲ' ಎಂಬ ಉತ್ತರ, ಡೇಟಾಬೇಸಿನಲ್ಲಿ ಮೂರು ದಿನದ ಮಳೆ. ರೈಟರು ತಿದ್ದಿ ಮತ್ತೆ ಏಳೂ ಕಳಿಸುತ್ತಾರೆ. ಮೊದಲ ಮೂರು ದಿನ ಎರಡೆರಡು ಸಲ ಮಳೆ ಸುರಿದಂತಾಯಿತು.

ಎಕ್ಸೆಪ್ಷನ್ ಎಂಬುದು ಕ್ಲೈಂಟಿಗೆ ಹೇಳುವ ಸುದ್ದಿ ಅಷ್ಟೇ ಅಲ್ಲ, ಪಬ್ಲಿಷರಿಗೆ 'ಅಬಾರ್ಟ್ ಮಾಡು' (ಬರೆದದ್ದನ್ನು ರದ್ದು ಮಾಡು) ಎನ್ನುವ ಸೂಚನೆಯೂ ಹೌದು. ಒಳಗೇ ನುಂಗಿದರೆ ಎರಡನೆಯದು ಸತ್ತುಹೋಗುತ್ತದೆ. ಇದು ತಲೆಗೆ ಹೋಗಲು ನನಗೆ ಹೊತ್ತು ಹಿಡಿಯಿತು, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಇನ್ನೊಂದು ತುದಿ ಎಂದರೆ ಎಲ್ಲಕ್ಕಿಂತ ಹೊರಗಿನ ಡಬ್ಲ್ಯುಎಸ್‌ಜಿಐ ಮಿಡ್ಲ್‌ವೇರ್, ಅಂದರೆ ವೆಬ್ ಸರ್ವರಿಗೂ ಫ್ರೇಮ್‌ವರ್ಕಿಗೂ ನಡುವಿನ ಪದರ. ಅಲ್ಲಿ ಹಿಡಿದರೆ ಅಬಾರ್ಟ್ ಏನೋ ಆಗಿರುತ್ತದೆ, ಆದರೆ ಆ ಹೊತ್ತಿಗೆ ಎಕ್ಸೆಪ್ಷನ್ ಇರುವುದಿಲ್ಲ, 'ಕ್ಷಮಿಸಿ' ಎಂಬ ಪುಟ ಇರುತ್ತದೆ. ನಾಲ್ಕನೆಯ ದಿನ ಎಂಬ ವಿವರ ಅದರೊಳಗೆ ಕರಗಿಹೋಗಿದೆ.

ಸರಿಯಾದ ಜಾಗ ಇವೆರಡರ ನಡುವೆ: ಅಬಾರ್ಟ್ ಆದ ಮೇಲೆ, ದೋಷದ ಪುಟ ತಯಾರಾಗುವ ಮುಂಚೆ. ಜೋಪ್‌ನಲ್ಲಿ ಆ ಜಾಗ ರೆಸ್ಪಾನ್ಸ್ ಆಬ್ಜೆಕ್ಟ್. ಬಂದದ್ದು ಆರ್‌ಪಿಸಿ ಎಂದು ಗೊತ್ತಾದ ಕೂಡಲೇ ಜೋಪ್ ಮಾಮೂಲಿ ರೆಸ್ಪಾನ್ಸನ್ನು ಬೇರೊಂದು ರೆಸ್ಪಾನ್ಸಿನೊಳಗೆ ಸುತ್ತಿಡುತ್ತದೆ. ಹೊಸದು ಎರಡೇ ಕೆಲಸವನ್ನು ಬದಲಿಸುತ್ತದೆ. ಬಾಡಿ ಇಡು ಎಂದಾಗ ಎಚ್‌ಟಿಎಂಎಲ್ ಬದಲು ಎಕ್ಸ್‌ಎಂಎಲ್ ಮಾಡುತ್ತದೆ. ಎಕ್ಸೆಪ್ಷನ್ ತೋರಿಸು ಎಂದಾಗ ಪುಟದ ಬದಲು ಫಾಲ್ಟ್ ಮಾಡಿ ಸ್ಟೇಟಸ್ 200 ಇಡುತ್ತದೆ. ಉಳಿದದ್ದನ್ನೆಲ್ಲ ಒಳಗಿನ ಹಳೆಯ ರೆಸ್ಪಾನ್ಸೇ ನೋಡಿಕೊಳ್ಳುತ್ತದೆ. ಪಬ್ಲಿಷರಿಗೆ ಆರ್‌ಪಿಸಿ ಎಂಬುದರ ಸುಳಿವೇ ಇಲ್ಲ. ಎಂದಿನಂತೆ ಎಕ್ಸೆಪ್ಷನ್ ಕಂಡು ಅಬಾರ್ಟ್ ಮಾಡುತ್ತದೆ, ಆಮೇಲೆ ರೆಸ್ಪಾನ್ಸಿಗೆ ಒಪ್ಪಿಸುತ್ತದೆ. ನಾವೂ ಹಾಗೆಯೇ ಮಾಡಿದೆವು. ಮೆಥಡ್‌ಗಳಲ್ಲಿ ಒಂದು ಸಾಲೂ ಬದಲಾಗಲಿಲ್ಲ.

ಇದಕ್ಕೆ ಅಂಟಿಕೊಂಡದ್ದು ಇನ್ನೊಂದು: ಅನುಕ್ರಮ. ಮೆಥಡ್ ಕರೆ, ಬಾಡಿ ಇಡುವುದು, ಆಮೇಲೆ ಕಮಿಟ್. ಕಮಿಟ್ ಮೊದಲು ಮಾಡಿ ಬಾಡಿ ಆಮೇಲೆ ಇಟ್ಟರೆ, ಎಕ್ಸ್‌ಎಂಎಲ್ ಆಗದ ಮೌಲ್ಯವೊಂದು ಬಂದ ದಿನ ಮಳೆ ಸೇರಿರುತ್ತದೆ, ಕ್ಲೈಂಟಿಗೆ ಮಾತ್ರ ಫಾಲ್ಟ್ ಹೋಗುತ್ತದೆ. ಅದೇ ಗೋಳು ಹಿಂಬಾಗಿಲಿನಿಂದ. ಕಮಿಟ್ಟೇ ಕೈಕೊಟ್ಟರೆ? ತೊಂದರೆಯಿಲ್ಲ, ಬಾಡಿ ಇಟ್ಟಿದ್ದೇವೆ, ಕಳಿಸಿಲ್ಲ. ಫಾಲ್ಟ್ ಅದರ ಮೇಲೆ ಕೂರುತ್ತದೆ. ಬರೆದಷ್ಟನ್ನೂ ಕೂಡಲೇ ಹೊರಗೆ ತಳ್ಳುವ ಸ್ಟ್ರೀಮಿಂಗ್ ರೆಸ್ಪಾನ್ಸ್‌ಗೆ ಈ ಸೌಕರ್ಯವಿಲ್ಲ, ಆರ್‌ಪಿಸಿಗೆ ಅದು ಬೇಡ.

ಒಂದು ಅಪವಾದ ಇದೆ. ಲಾಗಿನ್ ಬೇಕು ಎಂಬ ದೋಷವನ್ನು ಫಾಲ್ಟ್ ಮಾಡಬಾರದು, 401 ಆಗಿಯೇ ಬಿಡಬೇಕು. ಹೆಸರು, ಪಾಸ್‌ವರ್ಡ್ ಯಾವಾಗ ಕೊಡಬೇಕು ಎಂದು ಕೆಲವು ಕ್ಲೈಂಟ್‌ಗಳು ತಿಳಿಯುವುದೇ ಆ ಅಂಕಿಯಿಂದ. ಜೋಪ್ ಕೂಡ ಇದೊಂದನ್ನು ಹಾಗೇ ಹೊರಗೆ ಬಿಡುತ್ತದೆ.

ಇಷ್ಟೆಲ್ಲ ಆದಮೇಲೂ ನೆಟ್‌ವರ್ಕ್ ಕೈಕೊಟ್ಟು ಉತ್ತರವೇ ತಲುಪದಿರಬಹುದು; ಮಳೆಗಾಲದಲ್ಲಿ ಘಟ್ಟದ ಅಂಚಿನ ತೋಟಗಳಲ್ಲಿ ಇದು ಮಾಮೂಲು. ಅದಕ್ಕೆ ಫಾಲ್ಟ್ ಮದ್ದಲ್ಲ. ತೋಟ ಮತ್ತು ತಾರೀಖು ಸೇರಿ ಒಂದು ಕೀ ಮಾಡಿ, ಮತ್ತೆ ಬಂದರೆ ಹಳೆಯದರ ಮೇಲೆ ಬರೆಯುವಂತೆ ಇಡಿ.

ಚೂರುಪಾರು

ಎಕ್ಸ್‌ಎಂಎಲ್-ಆರ್‌ಪಿಸಿಯ ಮೂಲ ನಿಯಮದಲ್ಲಿ 'ಇಲ್ಲ' ಎಂಬ ಮೌಲ್ಯವೇ ಇಲ್ಲ. ಪೈಥಾನ್‌ನಲ್ಲಿ 'ಇಲ್ಲ' ಎನ್ನುವ 'ನನ್' ಕಂಡರೆ 'ಡಂಪ್ಸ್' ಟೈಪ್ ಎರರ್ ಎಸೆಯುತ್ತದೆ. ಏನನ್ನೂ ಹಿಂತಿರುಗಿಸದ ಮೆಥಡ್‌ಗಳೆಲ್ಲ ಹೀಗೆ ಬೀಳುತ್ತವೆ, ಅಂಥವಕ್ಕೆ 'ಟ್ರೂ' ಹಿಂತಿರುಗಿಸಿ. ಮಳೆ ಲೆಕ್ಕದಲ್ಲಿ ಇದು ಇನ್ನೂ ಸೂಕ್ಷ್ಮ. ಮಳೆ ಬರಲಿಲ್ಲ ಎಂದರೆ ಸೊನ್ನೆ. ಮಳೆಮಾಪಕ ನೋಡಲೇ ಇಲ್ಲ ಎಂದರೆ ಬೇರೆ. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆಯ ಹೊತ್ತಿನಲ್ಲಿ ಇವೆರಡನ್ನು ಕಲಸಿದರೆ ಲೆಕ್ಕ ಇಟ್ಟೂ ದಂಡ. 'ನನ್'ಗೆ ಅನುಮತಿ ಕೊಡುವ ಆಯ್ಕೆ ಪೈಥಾನ್‌ನಲ್ಲಿದೆ, ಆದರೆ ಅದು ವಿಸ್ತರಣೆ. ಎದುರಿಗಿರುವುದು ಪೈಥಾನ್ ಅಲ್ಲದಿದ್ದರೆ ಅರ್ಥವಾಗದಿರಬಹುದು. ನಾವು ನೋಡದ ದಿನವನ್ನು ಪಟ್ಟಿಯಿಂದಲೇ ಬಿಡುತ್ತೇವೆ.

ಪೂರ್ಣಾಂಕ 32 ಬಿಟ್‌ಗೆ ಮಾತ್ರ. ತಾರೀಖಿನ ಟೈಪಿನಲ್ಲಿ ಟೈಮ್‌ಜೋನ್ ಇರುವುದಿಲ್ಲ, ಎಲ್ಲರೂ ಭಾರತೀಯ ಸಮಯ ಎಂದು ಬರೆದಿಟ್ಟುಕೊಳ್ಳಿ.

ಕನ್ನಡದವರಿಗೇ ತಗಲುವ ಒಂದು: 'ಡಂಪ್ಸ್' ಕೊಡುವುದು ಸ್ಟ್ರಿಂಗ್. ಅದರ ಉದ್ದವನ್ನೇ ಕಂಟೆಂಟ್ ಲೆಂತ್ ಎಂದು ಹಾಕಿದರೆ ಇಂಗ್ಲಿಷ್ ಹೆಸರುಗಳಿಗೆಲ್ಲ ಸರಿಯಾಗಿ ನಡೆಯುತ್ತದೆ. 'ಹಾಸನ' ಎಂಬುದಕ್ಕೆ ಪೈಥಾನ್ ಎಣಿಸುವುದು 4; ಯುಟಿಎಫ್-8ರಲ್ಲಿ ಅದು 12 ಬೈಟ್. ಕ್ಲೈಂಟು ಹೇಳಿದಷ್ಟೇ ಓದಿ ನಿಲ್ಲಿಸುತ್ತದೆ, ಎಕ್ಸ್‌ಎಂಎಲ್ ನಡುವೆಯೇ ಮುರಿಯುತ್ತದೆ, ಪಾರ್ಸರ್ ದೋಷ ಕೊಡುತ್ತದೆ. ಮೊದಲು ಎನ್‌ಕೋಡ್, ಆಮೇಲೆ ಎಣಿಕೆ.

ಫಾಲ್ಟ್‌ನ ವಿವರಣೆಯಲ್ಲಿ ಪೂರ್ತಿ ಟ್ರೇಸ್‌ಬ್ಯಾಕ್ ಕಳಿಸಬೇಡಿ. ಅದು ಲಾಗ್‌ಗೆ ಹೋಗಲಿ. ತೋಟಕ್ಕೆ 'ನಾಲ್ಕನೆಯ ಸಾಲು, ಮಳೆ 80 ಇಂಚು, ಒಪ್ಪುವುದಿಲ್ಲ' ಎಂಬಷ್ಟು ಸಾಕು. ಟೆಸ್ಟ್ ಬರೆಯುವಾಗ ಫಾಲ್ಟ್ ಬಂತೇ ಎಂದು ನೋಡಿ ನಿಲ್ಲಿಸಬೇಡಿ. ಬಂದ ಮೇಲೆ ಟೇಬಲ್ ತೆರೆದು, ಆ ವಾರದ ಒಂದು ಸಾಲೂ ಉಳಿದಿಲ್ಲ ಎಂದು ಎಣಿಸಿ.