ಮತ್ತೆ ಮತ್ತೆ ರದ್ದಾಗುವ ಕಫಾಲಾ

ಕೊಲ್ಲಿ ದೇಶಗಳಲ್ಲಿ, ವಲಸೆ ಕೆಲಸಗಾರನನ್ನು ಸ್ಥಳೀಯ ಪ್ರಾಯೋಜಕನಿಗೆ ಕಟ್ಟಿಹಾಕುವ ಕಫಾಲಾ ಪದ್ಧತಿ ರದ್ದಾಯಿತು ಎಂಬ ಸುದ್ದಿ ಹೊಸದೇನಲ್ಲ. 2009ರಲ್ಲಿ ಬಹ್ರೇನ್ ರದ್ದು ಮಾಡಿತು. 2016ರಲ್ಲಿ ಕತಾರ್ ಮಾಡಿತು, 2020ರಲ್ಲಿ ಅದೇ ಕತಾರ್ ಇನ್ನೊಮ್ಮೆ ಮಾಡಿತು. 2021ರಲ್ಲಿ ಸೌದಿ ಅರೇಬಿಯಾದ ಸರದಿ. ಇಷ್ಟಾದರೂ ಕಫೀಲ, ಅಂದರೆ ಆ ಪ್ರಾಯೋಜಕ, ಪಾಸ್‌ಪೋರ್ಟ್ ಇಟ್ಟುಕೊಂಡಿದ್ದಾನೆ, ಊರಿಗೆ ಬರಲು ಬಿಡುತ್ತಿಲ್ಲ ಎಂಬ ದೂರು ಕರಾವಳಿಗಾಗಲಿ ಕಲಬುರಗಿ, ಬೀದರ್ ಕಡೆಗಾಗಲಿ ಅಪರೂಪವಾಗಿಲ್ಲ.

ಕಫಾಲಾ ಒಂದೇ ಒಂದು ಕಾಯ್ದೆಯಾಗಿದ್ದರೆ ಒಂದೇ ಸಹಿಯಲ್ಲಿ ಹೋಗುತ್ತಿತ್ತು. ಅದು ವೀಸಾ, ವಾಸ ಪರವಾನಗಿ, ಕಾರ್ಮಿಕ ಕಾನೂನುಗಳಲ್ಲಿ ಚದುರಿಹೋಗಿರುವ ನಿಯಮಗಳ ಸಮೂಹ. ಹೊರಗಿನಿಂದ ಬಂದ ಕೆಲಸಗಾರನಿಗೆ ಸ್ಥಳೀಯನೊಬ್ಬ ಅಥವಾ ಕಂಪನಿಯೊಂದು ಜವಾಬ್ದಾರಿ ಹೊರಬೇಕು, ಆತನೇ ಕಫೀಲ. ವೀಸಾ ಅವನ ಹೆಸರಿನ ಮೇಲೆ ಬರುತ್ತದೆ. ಇಕಾಮಾ ಎಂಬ ವಾಸ ಪರವಾನಗಿ ನವೀಕರಿಸುವವನು ಅವನೇ. ಕೆಲಸ ಬದಲಿಸಲು ಅವನ ಒಪ್ಪಿಗೆ ಪತ್ರ ಬೇಕು, ಕೆಲವು ದೇಶಗಳಲ್ಲಿ ವಿಮಾನ ಹತ್ತಲೂ ಅವನ ಅನುಮತಿ ಬೇಕಿತ್ತು. ಕೊನೆಯ ಅಸ್ತ್ರ ಸೌದಿಯಲ್ಲಿ ಹುರೂಬ್ ಎಂದು ಕರೆಯುವ ‘ಓಡಿಹೋದ’ ದೂರು. ಅದು ದಾಖಲಾದರೆ ಸಂಬಳ ಕೇಳಲು ಹೊರಟವನೇ ಅಕ್ರಮ ವಾಸಿಯಾಗುತ್ತಾನೆ. ಐದು ಗಂಟು ಹಾಕಿದ ಹಗ್ಗದಲ್ಲಿ ಒಂದು ಗಂಟು ಬಿಚ್ಚಿ ಹಗ್ಗವೇ ಇಲ್ಲವೆಂದರೆ ಹೇಗೆ? ಈವರೆಗಿನ ಹೆಚ್ಚಿನ ‘ರದ್ದತಿ’ಗಳ ಕಥೆ ಅಷ್ಟೇ.

ಅತಿಥಿಯನ್ನು ಕಾಪಾಡುವ ಮರುಭೂಮಿಯ ಹಳೆಯ ಸಂಪ್ರದಾಯದಿಂದ ಇದು ಬಂತು ಎನ್ನುವವರಿದ್ದಾರೆ. ಬ್ರಿಟಿಷರ ಹಿಡಿತದಲ್ಲಿದ್ದ ಬಹ್ರೇನಿನಲ್ಲಿ, ಮುತ್ತಿನ ದೋಣಿಗಳಿಗೆ ಬರುತ್ತಿದ್ದ ಹೊರಗಿನವರ ಮೇಲೆ ಕಣ್ಣಿಡಲು ಆಗಿನ ಅಧಿಕಾರಿಗಳು ರೂಪಿಸಿದ ಏರ್ಪಾಡೇ ಇದರ ಮೂಲ ಎಂದು ವಾದಿಸುವ ಇತಿಹಾಸಕಾರರೂ ಇದ್ದಾರೆ. ಸರ್ಕಾರಕ್ಕೆ ಸಾಕಷ್ಟು ಪೊಲೀಸರಿಲ್ಲದಿದ್ದಾಗ ವಿದೇಶಿಯನ್ನು ಕಾಯುವ ಕೆಲಸವನ್ನು ಖಾಸಗಿಯವರಿಗೆ ವಹಿಸಿದ್ದು ಅಗ್ಗದ ಉಪಾಯವಾಗಿತ್ತು. ಮುಂದೆ ಮುತ್ತಿನ ವ್ಯಾಪಾರ ಕುಸಿಯಿತು, ಎಣ್ಣೆ ಸಿಕ್ಕಿತು, 1959ರಲ್ಲಿ ಕುವೈತ್ ವಿದೇಶಿಯರ ವಾಸದ ಕಾನೂನು ಮಾಡಿತು, 1973ರಲ್ಲಿ ಎಣ್ಣೆ ಬೆಲೆ ಏರಿದ ಮೇಲೆ ಏಷ್ಯಾದಿಂದ ಲಕ್ಷಗಟ್ಟಲೆ ಜನ ಹೋದರು. ಪೊಲೀಸರ ಕೊರತೆ ನೀಗಿ ದಶಕಗಳೇ ಕಳೆದವು, ಏರ್ಪಾಡು ಮಾತ್ರ ಹಾಗೇ ಉಳಿಯಿತು.

ಹೊಸ ಕಾಲದ ಮೊದಲ ಘೋಷಣೆ ಬಹ್ರೇನಿನದು. 2009ರಲ್ಲಿ ಅಲ್ಲಿನ ಕಾರ್ಮಿಕ ಸಚಿವರೇ ಕಫಾಲಾವನ್ನು ಗುಲಾಮಗಿರಿಗೆ ಹೋಲಿಸಿದ್ದರು. ಒಪ್ಪಿಗೆಯಿಲ್ಲದೆ ಕೆಲಸ ಬದಲಿಸುವ ಅವಕಾಶ ಬಂತು. ಎರಡೇ ವರ್ಷಕ್ಕೆ, ಮೊದಲ ಒಂದು ವರ್ಷ ಅದೇ ಮಾಲೀಕನ ಬಳಿ ಕಳೆಯಬೇಕೆಂಬ ಷರತ್ತು ಸೇರಿತು.

ಇಡೀ ವಿಷಯ ಜಗತ್ತಿನ ಬಾಯಿಗೆ ಬಂದದ್ದು 2010ರ ಡಿಸೆಂಬರಿನಲ್ಲಿ, 2022ರ ಫುಟ್‌ಬಾಲ್ ವಿಶ್ವಕಪ್ ಕತಾರ್‌ಗೆ ಸಿಕ್ಕಾಗ. ಸ್ಟೇಡಿಯಂ, ಮೆಟ್ರೊ, ರಸ್ತೆ, ಹೋಟೆಲುಗಳನ್ನು ಕಟ್ಟಲು ನೇಪಾಳ, ಭಾರತ, ಬಾಂಗ್ಲಾದೇಶಗಳಿಂದ ಜನ ಬಂದರು. 2014ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಸಮ್ಮೇಳನದಲ್ಲಿ ಕಾರ್ಮಿಕ ಪ್ರತಿನಿಧಿಗಳು ಕತಾರ್ ವಿರುದ್ಧ ದೂರು ಕೊಟ್ಟರು. ಅವರಿಗೆ ಆಧಾರವಾದದ್ದು ಬಲವಂತದ ದುಡಿಮೆ ನಿಷೇಧಿಸುವ ಹಳೆಯ ಒಡಂಬಡಿಕೆ. ಕತಾರ್ ಅದಕ್ಕೆ ಎಂದೋ ಸಹಿ ಮಾಡಿತ್ತು. ವಲಸೆ ಕಾರ್ಮಿಕರಿಗೆಂದೇ 1990ರಲ್ಲಿ ವಿಶ್ವಸಂಸ್ಥೆ ರೂಪಿಸಿದ ಒಡಂಬಡಿಕೆ ಈ ಹೊತ್ತಿನಲ್ಲಿ ಪ್ರಯೋಜನಕ್ಕೆ ಬರಲಿಲ್ಲ, ಕೊಲ್ಲಿಯ ಯಾವ ದೇಶವೂ ಅದನ್ನು ಒಪ್ಪಿರಲಿಲ್ಲ. ಭಾರತವೂ ಒಪ್ಪಿಲ್ಲ ಎಂಬುದನ್ನು ನಾವು ಸಾಮಾನ್ಯವಾಗಿ ನೆನೆಯುವುದಿಲ್ಲ.

2016ರ ಡಿಸೆಂಬರಿನಲ್ಲಿ ಕತಾರ್‌ನಲ್ಲಿ ಜಾರಿಗೆ ಬಂದ ಕಾನೂನು ಕಫಾಲಾ ಎಂಬ ಹೆಸರನ್ನು ಕೈಬಿಟ್ಟಿತು. ದೇಶ ಬಿಡಲು ಅನುಮತಿ ಪಡೆಯುವುದು ಮಾತ್ರ ತಪ್ಪಲಿಲ್ಲ. ನಿಜವಾದ ಬದಲಾವಣೆ ಶುರುವಾದದ್ದು 2017ರ ನವೆಂಬರಿನಲ್ಲಿ ಕತಾರ್ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯೊಂದಿಗೆ ಮೂರು ವರ್ಷದ ಒಪ್ಪಂದಕ್ಕೆ ಬಂದು, ದೂರು ಮುಕ್ತಾಯವಾದ ಮೇಲೆ. 2018ರಲ್ಲಿ ದೋಹಾದಲ್ಲಿ ಸಂಘಟನೆಯ ಕಚೇರಿ ತೆರೆಯಿತು. ಅದೇ ವರ್ಷ ಹೆಚ್ಚಿನವರಿಗೆ, 2020ರ ಜನವರಿಯಲ್ಲಿ ಮನೆಗೆಲಸದವರಿಗೂ ನಿರ್ಗಮನ ಪರವಾನಗಿ ತಪ್ಪಿತು. ಆಗಸ್ಟಿನಲ್ಲಿ ಒಪ್ಪಿಗೆ ಪತ್ರವೂ ಹೋಯಿತು. 2021ರ ಮಾರ್ಚಿನಿಂದ ತಿಂಗಳಿಗೆ 1,000 ರಿಯಾಲ್ ಕನಿಷ್ಠ ಸಂಬಳ. ಬೇಸಿಗೆಯಲ್ಲಿ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರವರೆಗೆ ಬಯಲಿನ ಕೆಲಸ ನಿಷಿದ್ಧ. ಇವು ಸಣ್ಣ ಸಾಧನೆಗಳಲ್ಲ, ಅಷ್ಟರಮಟ್ಟಿಗೆ ಕತಾರ್ ಅಕ್ಕಪಕ್ಕದವರಿಗಿಂತ ಮುಂದೆ ಹೋಯಿತು. ಆದರೆ ಬಹುಪಾಲು ಕಾಂಕ್ರೀಟು ಬಿದ್ದ ಮೇಲೆ ಬಂದ ಸುಧಾರಣೆ ಇದು. ಓಡಿಹೋದ ದೂರು ಕೊಡುವ ಅಧಿಕಾರ ಮಾಲೀಕನ ಕೈಯಲ್ಲೇ ಇತ್ತು.

ಸಾವಿನ ಲೆಕ್ಕದ ಜಗಳ ಇನ್ನೂ ಮುಗಿದಿಲ್ಲ. 2021ರಲ್ಲಿ ಬ್ರಿಟಿಷ್ ಪತ್ರಿಕೆಯೊಂದು, ಭಾರತ ಸೇರಿ ದಕ್ಷಿಣ ಏಷ್ಯಾದ ಐದು ದೇಶಗಳ 6,500ಕ್ಕೂ ಹೆಚ್ಚು ವಲಸಿಗರು ವಿಶ್ವಕಪ್ ಸಿಕ್ಕ ನಂತರ ಕತಾರ್‌ನಲ್ಲಿ ತೀರಿಕೊಂಡಿದ್ದಾರೆ ಎಂದು ಬರೆಯಿತು. ಬಾಯಿಂದ ಬಾಯಿಗೆ ದಾಟುವಾಗ ಅದು ‘ಸ್ಟೇಡಿಯಂ ಕಟ್ಟುವಾಗ 6,500 ಸಾವು’ ಎಂದಾಯಿತು. ಅದು ತಪ್ಪು, ಆ ಸಂಖ್ಯೆಯಲ್ಲಿ ಎಲ್ಲ ಬಗೆಯ ಕೆಲಸದವರ, ಎಲ್ಲ ಕಾರಣದ ಸಾವುಗಳಿವೆ. ವಿಶ್ವಕಪ್ ಸಂಘಟಕರು ಹೇಳುತ್ತಿದ್ದ ಸಂಖ್ಯೆ ಮೂರು. ಅದು ಸ್ಟೇಡಿಯಂ ಆವರಣದೊಳಗೆ ಕೆಲಸದಿಂದಲೇ ಆದ ಸಾವುಗಳದ್ದು. ಬಳಿಕ 2022ರಲ್ಲಿ ಸಂಘಟನಾ ಸಮಿತಿಯ ಮುಖ್ಯಸ್ಥರು ಸಂದರ್ಶನದಲ್ಲಿ 400ರಿಂದ 500 ಎಂದರು. ಈ ಸಂಖ್ಯೆಗಳ ನಡುವೆ ಸಿಕ್ಕಿಕೊಂಡವರು ದಿನವಿಡೀ ಬಿಸಿಲಲ್ಲಿ ದುಡಿದು, ರಾತ್ರಿ ಕ್ಯಾಂಪಿನಲ್ಲಿ ಮಲಗಿ, ಬೆಳಿಗ್ಗೆ ಏಳದ ಇಪ್ಪತ್ತು–ಮೂವತ್ತರ ಹರೆಯದವರು. ಪ್ರಮಾಣಪತ್ರದಲ್ಲಿ ‘ಸಹಜ ಕಾರಣ’ ಅಥವಾ ‘ಹೃದಯ ಸ್ತಂಭನ’ ಎಂದಿದ್ದರೆ ಅದು ಕೆಲಸದ ಸಾವಲ್ಲ. ಕೆಲಸದ ಸಾವಲ್ಲವಾದರೆ ಪರಿಹಾರವಿಲ್ಲ. ಮರಣೋತ್ತರ ಪರೀಕ್ಷೆ ಮಾಡದೆ ಬರೆದ ಒಂದೆರಡು ಪದ ಒಂದು ಮನೆಯ ಹಣೆಬರಹವನ್ನೇ ನಿರ್ಧರಿಸಿಬಿಡುತ್ತದೆ. ಇಂಥ ಸಾವುಗಳ ತನಿಖೆ ಸುಧಾರಿಸಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2021ರ ವರದಿಯೇ ಹೇಳಿತು. ಅದರ ಪ್ರಕಾರ 2020ರ ಒಂದೇ ವರ್ಷದಲ್ಲಿ ಕೆಲಸದ ಅಪಘಾತಗಳಿಂದ ಸತ್ತವರು 50, ತೀವ್ರವಾಗಿ ಗಾಯಗೊಂಡವರು 500ಕ್ಕಿಂತ ಹೆಚ್ಚು. ಪರಿಹಾರಕ್ಕೆ 44 ಕೋಟಿ ಡಾಲರ್ ತೆಗೆದಿಡಿ ಎಂದು ಮಾನವ ಹಕ್ಕು ಸಂಘಟನೆಗಳು ಕೇಳಿದ್ದವು. ಫಿಫಾ ಕೊನೆಗೆ 5 ಕೋಟಿ ಡಾಲರ್ ನಿಧಿಯೊಂದನ್ನು ಘೋಷಿಸಿತು, ಅದು ಅಂತರರಾಷ್ಟ್ರೀಯ ಸಂಸ್ಥೆಗಳ ಯೋಜನೆಗಳಿಗೆ ಮೀಸಲಾಯಿತು.

ಕ್ಯಾಮೆರಾ ಕತಾರ್ ಮೇಲಿದ್ದಾಗ ಉಳಿದೆಡೆ ನಡೆದದ್ದು ಕಡಿಮೆ. ಸೌದಿಯ 2021ರ ಸುಧಾರಣೆಯಲ್ಲಿ ಮನೆಗೆಲಸದವರು, ಮನೆಯ ಡ್ರೈವರುಗಳು ಸೇರಲೇ ಇಲ್ಲ. ನಮ್ಮ ಕಡೆಯಿಂದ ಹೋಗುವ ಅನೇಕ ಹೆಂಗಸರು ಇರುವುದು ಈ ವರ್ಗದಲ್ಲೇ. ಕುವೈತ್ 2015ರಲ್ಲಿ ಮನೆಗೆಲಸದವರಿಗೆ ವಾರಕ್ಕೊಂದು ರಜೆ, ದಿನಕ್ಕೆ 12 ಗಂಟೆಯ ಮಿತಿ ಎಂದು ಒಳ್ಳೆಯ ಕಾನೂನನ್ನೇ ಮಾಡಿತು. ಆದರೆ ಮುಚ್ಚಿದ ಬಾಗಿಲಿನ ಹಿಂದೆ ಗಂಟೆ ಎಣಿಸುವವರು ಯಾರು?

ಇನ್ನು ‘ಫ್ರೀ ವೀಸಾ’. ಕರಾವಳಿಯ ಎಷ್ಟೋ ಮಂದಿ ಹೋದದ್ದು ಇದರಲ್ಲೇ: ವೀಸಾ ಒಬ್ಬನ ಹೆಸರಿನಲ್ಲಿ, ದುಡಿಮೆ ಇನ್ನೊಬ್ಬನ ಬಳಿ, ಕಫೀಲನಿಗೆ ಆಗಾಗ ಹಣ. 2013ರಲ್ಲಿ ಸೌದಿ, ಕಂಪನಿಗಳು ಇಂತಿಷ್ಟು ಸ್ಥಳೀಯರನ್ನು ಇಟ್ಟುಕೊಳ್ಳಲೇಬೇಕೆನ್ನುವ ನಿತಾಕತ್ ನಿಯಮವನ್ನು ಬಿಗಿಗೊಳಿಸಿ ತಪಾಸಣೆಗಿಳಿದಾಗ ಮೊದಲು ಸಿಕ್ಕಿಬಿದ್ದವರು ಇವರೇ.

ಈ ಕಡೆಯ ಕಥೆಯೂ ಹಗುರವಲ್ಲ. ಹತ್ತನೇ ತರಗತಿ ಪಾಸಾಗದವರು 18 ದೇಶಗಳಿಗೆ ದುಡಿಯಲು ಹೋಗಬೇಕಾದರೆ ವಲಸೆ ಅನುಮತಿ ಪಡೆಯಬೇಕು. ಏಜೆಂಟ್ ಪಡೆಯಬಹುದಾದ ಸೇವಾಶುಲ್ಕ 30,000 ರೂಪಾಯಿ ಮತ್ತು ತೆರಿಗೆ, ಅದಕ್ಕಿಂತ ಹೆಚ್ಚಿಲ್ಲ. ಲಕ್ಷ ಕೊಟ್ಟು ಹೋದವರನ್ನು ಕೇಳಿದರೆ ಈ ಮಿತಿಯ ಬೆಲೆ ತಿಳಿಯುತ್ತದೆ. ಸಾಲ ಮಾಡಿ ಹೊರಟವನಿಗೆ ಕಫೀಲನನ್ನು ಬಿಡುವ ಹಕ್ಕು ಸಿಕ್ಕರೂ ಬಿಡುವ ಧೈರ್ಯ ಬರುವುದು ಕಷ್ಟ. 2020ರ ಸೆಪ್ಟೆಂಬರಿನಲ್ಲಿ ಭಾರತ ಸರ್ಕಾರವೇ ಕೊಲ್ಲಿಗೆ ಹೋಗುವ ಕೆಲಸಗಾರರ ಕನಿಷ್ಠ ವೇತನದ ಮಿತಿಯನ್ನು ಇಳಿಸಿತ್ತು. ಇಲ್ಲದಿದ್ದರೆ ಕೆಲಸ ಬೇರೆ ದೇಶದವರ ಪಾಲಾಗುತ್ತದೆ ಎಂಬುದು ವಾದ. ವಿರೋಧ ಎದ್ದ ಮೇಲೆ 2021ರಲ್ಲಿ ಅದನ್ನು ಹಿಂದಕ್ಕೆ ಪಡೆಯಿತು.

2034ರ ವಿಶ್ವಕಪ್ ಸೌದಿಗೆ ಸಿಕ್ಕಿದೆ. ಅದು ಅಧಿಕೃತವಾಗುವ ಮುಂಚೆಯೇ, 2024ರ ಜೂನಿನಲ್ಲಿ, ಕಟ್ಟಡ ಕಾರ್ಮಿಕರ ಜಾಗತಿಕ ಒಕ್ಕೂಟವು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಗೆ ಸೌದಿಯ ಮೇಲೆ ದೂರು ಕೊಟ್ಟಿತು. ಇತ್ತ ನಮ್ಮಲ್ಲಿ 1983ರ ವಲಸೆ ಕಾಯ್ದೆಯನ್ನು ಬದಲಿಸಲು 2019ರಲ್ಲಿ ಒಂದು, 2021ರಲ್ಲಿ ಇನ್ನೊಂದು ಕರಡು ಹೊರಬಂದವು. ಎರಡೂ ಸಂಸತ್ತಿನಲ್ಲಿ ಮಂಡನೆಯಾಗಲಿಲ್ಲ.