ಕೂಗಿದರೆ ಜೋಂಬಿ ಬರುತ್ತದೆ, ಸುದ್ದಿ ಮುಟ್ಟಿಸುವುದು ಹೇಗೆ?

ವಿದ್ಯಾರ್ಥಿಗಳ ಡಿಸೈನ್ ಥಿಂಕಿಂಗ್ (ಬಳಕೆದಾರರನ್ನು ಅರಿತು, ಮಾದರಿ ಮಾಡಿ, ಪರೀಕ್ಷಿಸಿ ಪರಿಹಾರ ಹುಡುಕುವ ವಿಧಾನ) ಸ್ಪರ್ಧೆಯೊಂದಕ್ಕೆ ಕೊಟ್ಟ ಪ್ರಶ್ನೆ ಇದು: ಜೋಂಬಿಗಳು, ಅಂದರೆ ಕಥೆ-ಸಿನಿಮಾಗಳಲ್ಲಿ ಬರುವ, ಕಚ್ಚಿ ಸೋಂಕು ಹರಡುವ ನಡೆದಾಡುವ ಹೆಣಗಳು, ಊರನ್ನೆಲ್ಲ ಆವರಿಸಿವೆ. ಕರೆಂಟಿಲ್ಲ, ಮೊಬೈಲ್ ನೆಟ್‌ವರ್ಕ್ ಇಲ್ಲ. ಅಲ್ಲಲ್ಲಿ ಅಡಗಿ ಕುಳಿತವರು ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸಬೇಕು. ಅದಕ್ಕೊಂದು ವ್ಯವಸ್ಥೆ ರೂಪಿಸಿ, ಮಾದರಿ ಮಾಡಿ, ಬಳಸಿ ತೋರಿಸಿ. ತುರ್ತು ಸಂಪರ್ಕ ವ್ಯವಸ್ಥೆಗಳು ನನ್ನ ವೃತ್ತಿಯಾದ್ದರಿಂದ ಇಂಥ ಸ್ಪರ್ಧೆಗಳಿಗೆ ನನ್ನನ್ನು ಮಾರ್ಗದರ್ಶಕನಾಗಿ, ಕೆಲವೊಮ್ಮೆ ತೀರ್ಪುಗಾರನಾಗಿ ಕರೆಯುತ್ತಾರೆ. "ಮಕ್ಕಳಿಗೆ ಈ ಕಟ್ಟುಕಥೆ ಯಾಕೆ, ಪ್ರವಾಹವನ್ನೋ ಭೂಕಂಪವನ್ನೋ ಕೊಡಬಾರದೇ?" ಎಂದು ಪೋಷಕರು ಕೇಳುವುದುಂಟು. ಕೊಡಬಹುದು. ಆದರೆ ಜೋಂಬಿ ಪ್ರಶ್ನೆ ಅವೆರಡಕ್ಕಿಂತ ಕಠಿಣ, ನನಗೆ ಅದು ಇಷ್ಟವಾಗುವುದೂ ಆ ಕಾರಣಕ್ಕೇ.

ಗಂಭೀರ ಸಂಸ್ಥೆಗಳೇ ಈ ಕಲ್ಪನೆಯನ್ನು ಬಳಸಿಕೊಂಡಿವೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2011ರ ಮೇ ತಿಂಗಳಲ್ಲಿ ಜೋಂಬಿ ದಾಳಿಗೆ ಸಜ್ಜಾಗುವ ಬಗೆಯನ್ನು ಬರೆದು ಪ್ರಕಟಿಸಿದಾಗ ಓದುಗರ ನೂಕುನುಗ್ಗಲಿಗೆ ಸರ್ವರ್ ಕುಸಿದಿತ್ತು. ಅದರಲ್ಲಿದ್ದ ಪಟ್ಟಿ ಚಂಡಮಾರುತಕ್ಕೂ ಭೂಕಂಪಕ್ಕೂ ಬೇಕಾದದ್ದೇ: ನೀರು, ಆಹಾರ, ಔಷಧ, ಮನೆಯವರೆಲ್ಲ ಸೇರುವ ಜಾಗ. ಅದೇ ವರ್ಷ ಅಮೆರಿಕದ ಸೇನಾ ವಿಭಾಗವಾದ ಸ್ಟ್ರಾಟೆಜಿಕ್ ಕಮಾಂಡ್‌ನಲ್ಲಿ ತರಬೇತಿಗೆಂದು ಬರೆದ ಯುದ್ಧಯೋಜನೆಯಲ್ಲೂ ಶತ್ರು ಜೋಂಬಿಯೇ. ನಿಜವಾದ ದೇಶದ ಹೆಸರು ಹಾಕಿದರೆ ಜನ ಅದನ್ನು ನಿಜವಾದ ಯೋಜನೆಯೆಂದು ನಂಬಿಬಿಡುವ ಅಪಾಯವಿತ್ತು.

ಕಠಿಣ ಎಂದೆನಲ್ಲ, ಅದು ಹೇಗೆಂದು ಹೇಳುತ್ತೇನೆ. ಉಳಿದೆಲ್ಲ ವಿಪತ್ತುಗಳಲ್ಲಿ ಸಿಕ್ಕಿಹಾಕಿಕೊಂಡವರಿಗೆ ನಾವು ಹೇಳಿಕೊಡುವುದು ಒಂದೇ: ಕೂಗಿ, ಬೆಳಕು ತೋರಿಸಿ, ಒಟ್ಟಿಗೆ ಸೇರಿ. ಪರ್ವತಾರೋಹಿಗಳ ಅಪಾಯ ಸೂಚನೆ ನಿಮಿಷಕ್ಕೆ ಆರು ಸೀಟಿ, ಒಂದು ನಿಮಿಷ ಬಿಡುವು, ಮತ್ತೆ ಆರು. ಕೇಳಿಸಿಕೊಂಡವರ ಉತ್ತರ ನಿಮಿಷಕ್ಕೆ ಮೂರು. 1894ರಿಂದ ಬಂದಿರುವ ಪದ್ಧತಿ ಅದು, ಎಷ್ಟೋ ಜೀವ ಉಳಿಸಿದೆ. ಜೋಂಬಿಗಳ ಊರಿನಲ್ಲಿ ಅದೇ ಸೀಟಿ ಸಾವನ್ನು ಕರೆಯುತ್ತದೆ. ಕಥೆಯ ಕಟ್ಟಳೆಯಂತೆ ಅವು ಶಬ್ದಕ್ಕೆ ಬರುತ್ತವೆ, ಬೆಳಕಿಗೆ ಬರುತ್ತವೆ, ಗುಂಪು ಕಂಡಲ್ಲಿಗೆ ಬರುತ್ತವೆ. ಹಾಗಾಗಿ ಸಂದೇಶ ಕಳಿಸುವುದಕ್ಕೆ ಒಂದು ಬೆಲೆ ತೆರಬೇಕಾಗುತ್ತದೆ. ಆ ಬೆಲೆ ಎಷ್ಟು, ಅದನ್ನು ತೆರುವವರು ಯಾರು? ತಂಡಗಳ ಮುಂದೆ ನಾನು ಮೊದಲು ಇಡುವ ಪ್ರಶ್ನೆಯೇ ಇದು.

ಬಹುತೇಕ ತಂಡಗಳು ಮೊದಲ ಸುತ್ತಿಗೆ ಮೊಬೈಲ್ ಆ್ಯಪ್ ತರುತ್ತವೆ. ಟವರ್‌ಗಳ ಬ್ಯಾಟರಿ ಬಾಳುವುದು ಕೆಲವೇ ಗಂಟೆ, ಜನರೇಟರ್ ಇದ್ದಲ್ಲಿ ಡೀಸೆಲ್ ಮುಗಿಯುವವರೆಗೆ. 2017ರಲ್ಲಿ ಮರಿಯಾ ಚಂಡಮಾರುತ ಪೋರ್ಟೊ ರಿಕೊಗೆ ಅಪ್ಪಳಿಸಿದಾಗ ಅಲ್ಲಿನ ಶೇಕಡ 90ಕ್ಕೂ ಹೆಚ್ಚು ಮೊಬೈಲ್ ಟವರ್‌ಗಳು ಕೆಲಸ ನಿಲ್ಲಿಸಿದ್ದವು. ಸುದ್ದಿ ಹೊರಗೆ ಹೋಗಲು ಹ್ಯಾಮ್ ರೇಡಿಯೊದವರು, ಅಂದರೆ ಪರವಾನಗಿ ಪಡೆದ ಹವ್ಯಾಸಿ ರೇಡಿಯೊ ಬಳಕೆದಾರರು, ಬೇಕಾದರು. ಇದನ್ನು ಕೇಳಿದ ಮೇಲೆ ತಂಡಗಳು ವಾಕಿಟಾಕಿಗೆ ಬರುತ್ತವೆ, ಇನ್ನೂ ಸ್ವಲ್ಪ ಓದಿಕೊಂಡವರು ಲೋರಾ ಮೆಶ್‌ಗೆ, ಅಂದರೆ ಟವರ್ ಇಲ್ಲದೆ ಒಂದರಿಂದ ಇನ್ನೊಂದಕ್ಕೆ ಸಂದೇಶ ದಾಟಿಸುವ ಚಿಕ್ಕ ರೇಡಿಯೊಗಳ ಜಾಲಕ್ಕೆ. ಲೋರಾ ಒಳ್ಳೆಯ ಆಯ್ಕೆ: ಚಿಕ್ಕ ಬ್ಯಾಟರಿ ಸಾಕು, ಕಟ್ಟಡಗಳ ನಡುವೆ ಒಂದೆರಡು ಕಿಲೋಮೀಟರ್, ಎತ್ತರದಿಂದ ಇನ್ನೂ ದೂರ ಹೋಗುತ್ತದೆ. ಆದರೆ ವೇಗ ತೀರಾ ಕಡಿಮೆ. ಮಾತು, ಚಿತ್ರ ಯಾವುದೂ ಇಲ್ಲ, ಒಂದು ಸಲಕ್ಕೆ ಎರಡು ಸಾಲಿನ ಬರಹ ಅಷ್ಟೇ.

ಈ ಎರಡು ಸಾಲಿನ ಮಿತಿಯಿಂದ ನಿಜವಾದ ಕೆಲಸ ಶುರುವಾಗುತ್ತದೆ. ಒಂದು ತಂಡದ ಮಾದರಿ ಸಂದೇಶ ಹೀಗಿತ್ತು: "ನಾವು ಶಾಲೆಯಲ್ಲಿದ್ದೇವೆ, ತುಂಬಾ ಅಪಾಯದಲ್ಲಿದ್ದೇವೆ, ದಯವಿಟ್ಟು ಬೇಗ ಬನ್ನಿ." ಓದಿದರೆ ಕರುಳು ಚುರುಕ್ ಎನ್ನುತ್ತದೆ. ಆದರೆ ಇದನ್ನು ಕೈಯಲ್ಲಿ ಹಿಡಿದವನು ಏನು ಮಾಡಬೇಕು? ಬರೆದದ್ದು ಈಗಲೋ, ಮೊನ್ನೆಯೋ? ಎಷ್ಟು ಜನ ಇದ್ದಾರೆ? ನಡೆಯಲಾಗದವರಿದ್ದಾರೆಯೇ? ಯಾವ ಬಾಗಿಲಿಗೆ ಹೋಗಬಾರದು? ವಿಪತ್ತಿನ ನಂತರ ಮನೆ ಮನೆ ಶೋಧಿಸುವ ತಂಡಗಳು ಗೋಡೆಯ ಮೇಲೆ ಹಾಕುವ ಗುಣಾಕಾರ ಚಿಹ್ನೆಯನ್ನು ಅವರಿಗೆ ಬರೆದು ತೋರಿಸಿದೆ. 2005ರ ಕತ್ರಿನಾ ಚಂಡಮಾರುತದ ನಂತರ ನ್ಯೂ ಆರ್ಲಿಯನ್ಸ್‌ನ ಸಾವಿರಾರು ಮನೆಗಳ ಮೇಲೆ ಅದಿತ್ತು. ಎಡಗಡೆ ಶೋಧಿಸಿದ ತಂಡದ ಗುರುತು, ಮೇಲೆ ದಿನಾಂಕ ಮತ್ತು ಹೊತ್ತು, ಬಲಕ್ಕೆ ಒಳಗಿರುವ ಅಪಾಯ, ಕೆಳಗೆ ಸಿಕ್ಕವರ ಸಂಖ್ಯೆ. ನಾಲ್ಕು ಮೂಲೆ, ನಾಲ್ಕು ಉತ್ತರ, ಸದ್ದಿಲ್ಲ. ಅರ್ಧ ಗಂಟೆಯ ನಂತರ ತಂಡ ತಂದ ಸಂದೇಶ: "ಶಾಲೆ 2ನೇ ಮಹಡಿ. ಮಂಗಳ ಬೆಳಿಗ್ಗೆ 7. 4 ಜನ, 1 ನಡೆಯಲಾಗದು. ಮುಂಬಾಗಿಲು ಬೇಡ. ನೀರು ಬುಧ ಸಂಜೆವರೆಗೆ." ಮೊದಲಿನದು ಗೋಳು ಹೇಳಿಕೊಂಡಿತ್ತು. ಇದನ್ನು ಓದಿದವನು ಹೋಗಬೇಕೋ ಬೇಡವೋ, ಯಾವಾಗ ಹೋಗಬೇಕು ಎಂದು ತೀರ್ಮಾನಿಸಬಲ್ಲ.

ಇನ್ನು ಕೇಳಿಸಿಕೊಳ್ಳುವ ವಿಚಾರ. ರೇಡಿಯೊದಲ್ಲಿ ಕಳಿಸುವವನ ಬ್ಯಾಟರಿ ಬೇಗ ಕರಗುತ್ತದೆ, ಕಳಿಸಲು ಅವನು ಮಾತನಾಡಬೇಕು, ಆ್ಯಂಟೆನಾಗಾಗಿ ಎತ್ತರಕ್ಕೆ ಹೋಗಬೇಕು. ಕೇಳುವವನು ಇಯರ್‌ಫೋನ್ ಹಾಕಿಕೊಂಡು ಕತ್ತಲಲ್ಲಿ ಸುಮ್ಮನೆ ಕೂತಿರಬಹುದು. ಒಳ್ಳೆಯ ವ್ಯವಸ್ಥೆಯಲ್ಲಿ ಹೆಚ್ಚಿನವರು ಹೆಚ್ಚು ಹೊತ್ತು ಬರೀ ಕೇಳುತ್ತಾರೆ, ಅದೂ ಗೊತ್ತುಮಾಡಿದ ಸಮಯದಲ್ಲಿ. ಪ್ರತಿ ಗಂಟೆಯ ಮೊದಲ ಐದು ನಿಮಿಷ ಮಾತ್ರ ಸೆಟ್ ಆನ್ ಮಾಡುವುದೆಂದು ಎಲ್ಲರೂ ಒಪ್ಪಿದರೆ, ಒಂದು ದಿನಕ್ಕೆ ಖಾಲಿಯಾಗುವ ಬ್ಯಾಟರಿ ಲೆಕ್ಕದ ಪ್ರಕಾರ ಹನ್ನೆರಡು ದಿನ ಬರುತ್ತದೆ. ಹಡಗುಗಳಲ್ಲಿ ಇದು ಹಳೆಯ ಪದ್ಧತಿ. 500 ಕಿಲೋಹರ್ಟ್ಸ್ ತರಂಗದಲ್ಲಿ ಪ್ರತಿ ಗಂಟೆಯ 15ನೇ ಮತ್ತು 45ನೇ ನಿಮಿಷದಿಂದ ಮೂರು ಮೂರು ನಿಮಿಷ ಎಲ್ಲ ಹಡಗುಗಳೂ ಮೌನವಾಗಬೇಕಿತ್ತು, ಎಲ್ಲೋ ಮುಳುಗುತ್ತಿರುವ ಹಡಗಿನ ಕ್ಷೀಣ ಕರೆ ಕೇಳಿಸಲಿ ಎಂದು. ರೇಡಿಯೊ ಕೋಣೆಯ ಗಡಿಯಾರದ ಮುಖದ ಮೇಲೆ ಆ ಮೂರು ನಿಮಿಷಗಳಿಗೆ ಕೆಂಪು ಬಣ್ಣ ಬಳಿದಿರುತ್ತಿದ್ದರು. ಆ ಗಡಿಯಾರದ ಚಿತ್ರವನ್ನು ನಾನು ಪ್ರತಿ ಸ್ಪರ್ಧೆಗೂ ಒಯ್ಯುತ್ತೇನೆ. ಸರ್ಕ್ಯೂಟ್ ಒಂದೂ ಇಲ್ಲದ ವಿನ್ಯಾಸವೂ ಇಷ್ಟು ಕೆಲಸ ಮಾಡಬಲ್ಲದೆಂದು ಮಕ್ಕಳಿಗೆ ಅದು ತಟ್ಟನೆ ಮನವರಿಕೆ ಮಾಡಿಕೊಡುತ್ತದೆ.

ರೇಡಿಯೊವೇ ಇಲ್ಲದಿದ್ದರೆ? ಆಗ ಸುದ್ದಿಯನ್ನು ಜನ ಹೊರಬೇಕು. ಡ್ಯೂಕ್ ವಿಶ್ವವಿದ್ಯಾಲಯದ ಅಮೀನ್ ವಹ್ದತ್ ಮತ್ತು ಡೇವಿಡ್ ಬೆಕರ್ 2000ದಲ್ಲಿ ಒಂದು ವಿಧಾನ ವಿವರಿಸಿದರು: ಎರಡು ಸಾಧನಗಳು ಹತ್ತಿರ ಬಂದಾಗಲೆಲ್ಲ ಒಂದರಲ್ಲಿಲ್ಲದ ಸಂದೇಶವನ್ನು ಇನ್ನೊಂದು ಕೊಡುತ್ತದೆ. ಸೋಂಕು ಹರಡಿದ ಹಾಗೆ ಸಂದೇಶ ಹರಡುತ್ತದೆ, ಹಾಗಾಗಿ ಅದರ ಹೆಸರು ಎಪಿಡೆಮಿಕ್ ರೂಟಿಂಗ್. ಜೋಂಬಿ ರೋಗ ಹರಡುವ ದಾರಿಯಲ್ಲೇ ಅದನ್ನು ತಡೆಯುವ ಸುದ್ದಿಯೂ ಹರಡುವುದನ್ನು ಕಂಡು ವಿದ್ಯಾರ್ಥಿಗಳು ನಿಜಕ್ಕೂ ಪುಳಕಗೊಳ್ಳುತ್ತಾರೆ. ಒಂದು ತಂಡ ಇದನ್ನು ಕಾಗದದ ಚೀಟಿಗಳಲ್ಲೇ ಪರೀಕ್ಷಿಸಿತು. ಎದುರಾದವರೆಲ್ಲ ಚೀಟಿ ನಕಲು ಮಾಡಿಕೊಳ್ಳಬೇಕು. "ಹಿಂಬಾಗಿಲು ತೆರೆದಿದೆ" ಎಂಬ ಚೀಟಿ ಕಟ್ಟಡವನ್ನೆಲ್ಲ ಸುತ್ತಿತು. ನಡುವೆ ನಾವು ಬಾಗಿಲು ಮುಚ್ಚಿದೆವು. ಚೀಟಿ ಸುತ್ತುತ್ತಲೇ ಇತ್ತು, ಜನ ಮುಚ್ಚಿದ ಬಾಗಿಲಿಗೆ ಬಂದು ನಿಲ್ಲುತ್ತಲೇ ಇದ್ದರು. ಆ ತಂಡ ಮರುದಿನ ಪ್ರತಿ ಚೀಟಿಗೂ "ಇಷ್ಟು ಗಂಟೆಯ ನಂತರ ಹರಿದುಹಾಕಿ" ಎಂಬ ಸಾಲು ಸೇರಿಸಿತು. ಸಂಪರ್ಕ ಆಗಾಗ ಕಡಿದುಹೋಗುವ ಜಾಲಗಳಿಗಾಗಿ ರೂಪಿಸಿದ ಬಂಡಲ್ ಪ್ರೊಟೊಕಾಲ್‌ನಲ್ಲೂ ಪ್ರತಿ ಸಂದೇಶಕ್ಕೆ ಇಂಥದೇ ಆಯುಸ್ಸು ನಮೂದಿಸಿರುತ್ತದೆ. ಹುಡುಗರು ಅದನ್ನು ಓದಿರಲಿಲ್ಲ. ಕಾರಿಡಾರ್‌ನಲ್ಲಿ ಓಡಾಡಿ ಕಂಡುಕೊಂಡರು. ಮಾದರಿಯನ್ನು ಅಗ್ಗವಾಗಿ, ಬೇಗ ಮಾಡಿ ಎಂದು ನಾವು ಪಟ್ಟು ಹಿಡಿಯುವುದು ಇದಕ್ಕಾಗಿ.

ತಂಡಗಳು ಅತಿ ಕಡಿಮೆ ಯೋಚಿಸುವ ವಿಷಯ ನಂಬಿಕೆ. 2018ರ ಜನವರಿ 13ರಂದು ಹವಾಯಿಯ ಜನರ ಫೋನುಗಳಿಗೆ ಕ್ಷಿಪಣಿ ಬರುತ್ತಿದೆ, ಇದು ಅಭ್ಯಾಸವಲ್ಲ ಎಂಬ ಎಚ್ಚರಿಕೆ ಬಂತು. ಸುಳ್ಳೆಚ್ಚರಿಕೆ ಎಂಬ ತಿದ್ದುಪಡಿ ಅದೇ ಫೋನುಗಳಿಗೆ ತಲುಪಲು 38 ನಿಮಿಷ ಹಿಡಿಯಿತು. ಎಚ್ಚರಿಕೆ ಸಿಕ್ಕ ಕೂಡಲೇ ಜನ ಓಡುವುದಿಲ್ಲ, ಮೊದಲು ಇನ್ನೊಬ್ಬರನ್ನು ಕೇಳಿ ಖಚಿತಪಡಿಸಿಕೊಳ್ಳುತ್ತಾರೆ. ವಿಪತ್ತು ಸಂವಹನದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿರುವ ಸಂಗತಿ ಇದು. ಜೋಂಬಿ ಊರಿನಲ್ಲಿ ಹಾಗೆ ಕೇಳುವುದಕ್ಕೂ ಬೆಲೆ ಇದೆ. ಆದ್ದರಿಂದ ಸಂದೇಶ ಕೈಗೆ ಬಂದಾಗಲೇ ಯಾರದೆಂದು ತಿಳಿಯಬೇಕು: ಮೊದಲೇ ಒಪ್ಪಿಕೊಂಡ ಒಂದು ಗುರುತು, ಪರಿಚಿತ ಕೈಬರಹ, ದಿನಕ್ಕೊಂದು ಬದಲಾಗುವ ಪದ. 2011ರ ಮಾರ್ಚ್‌ನಲ್ಲಿ ಸುನಾಮಿಗೆ ಸಿಕ್ಕ ಜಪಾನಿನ ಇಶಿನೊಮಾಕಿಯಲ್ಲಿ ಸ್ಥಳೀಯ ಪತ್ರಿಕೆಯ ಮುದ್ರಣ ನಿಂತಾಗ ಪತ್ರಕರ್ತರು ದೊಡ್ಡ ಕಾಗದಗಳ ಮೇಲೆ ಮಾರ್ಕರ್‌ನಿಂದ ಬರೆದು ಆರು ದಿನ ಗೋಡೆಪತ್ರಿಕೆ ಹೊರಡಿಸಿದರು. ನಿರಾಶ್ರಿತರ ಶಿಬಿರದ ಗೋಡೆಯಲ್ಲಿ ಜನ ಓದಿದ್ದು ತಮಗೆ ಮೊದಲೇ ಗೊತ್ತಿದ್ದ ಪತ್ರಿಕೆಯನ್ನು. ಆ ಹೆಸರಿಗೆ ವರ್ಷಗಳಿಂದ ಗಳಿಸಿದ ವಿಶ್ವಾಸವಿತ್ತು. ಅಂಥ ವಿಶ್ವಾಸವನ್ನು ವಿಪತ್ತಿನ ದಿನ ಹೊಸದಾಗಿ ತಯಾರಿಸಲಾಗದು.

ಬಳಕೆದಾರರನ್ನು ಅರಿಯುವ ಹಂತಕ್ಕೂ ಈ ಪ್ರಶ್ನೆ ಹೊಸ ಬೆಳಕು ಹಾಯಿಸುತ್ತದೆ. ಕಿವಿ ಕೇಳದವರನ್ನು ನೆರವು ಬೇಕಾದವರ ಪಟ್ಟಿಯಲ್ಲಿ ಬರೆಯುವುದು ತಂಡಗಳ ರೂಢಿ. ಸದ್ದು ಮಾಡಬಾರದ ಊರಿನಲ್ಲಿ ಸಂಜ್ಞಾ ಭಾಷೆ ಬಲ್ಲವರೇ ಎಲ್ಲರಿಗಿಂತ ಸಮರ್ಥರು: ಗಾಜಿನಾಚೆ, ರಸ್ತೆಯಾಚೆ, ಪೂರ್ತಿ ವಾಕ್ಯಗಳಲ್ಲಿ ಮಾತನಾಡಬಲ್ಲರು. ಅವರನ್ನು ಶಿಕ್ಷಕರ ಸ್ಥಾನದಲ್ಲಿಟ್ಟು ಯೋಜನೆ ಬರೆದ ತಂಡಕ್ಕೆ ನಾನು ಹಿಂಜರಿಯದೆ ಹೆಚ್ಚು ಅಂಕ ಕೊಡುತ್ತೇನೆ. ಹಗಲಿನಲ್ಲಿ ದೂರಕ್ಕೆ ಕನ್ನಡಿಯೂ ಅಷ್ಟೇ ಒಳ್ಳೆಯದು. ಸೂರ್ಯನ ಬಿಸಿಲನ್ನು ಗುರಿಯಿಟ್ಟು ಹೊಳೆಯಿಸಿದರೆ ಆ ಗುರಿಯಲ್ಲಿದ್ದವರಿಗಷ್ಟೇ ಕಾಣುತ್ತದೆ. 1894ರಲ್ಲಿ ಅಮೆರಿಕದ ಸೈನಿಕರು ಹೀಲಿಯೊಗ್ರಾಫ್ ಎಂಬ ಕನ್ನಡಿ ಸಾಧನದಿಂದ ಒಂದು ಶಿಖರದಿಂದ ಇನ್ನೊಂದಕ್ಕೆ 183 ಮೈಲಿ ದೂರ ಸಂದೇಶ ಕಳಿಸಿದ್ದರು.

ಈ ವರ್ಷ ಸ್ಪರ್ಧೆಗೆ ಇಳಿಯುವವರು ಅಂತಿಮ ಸುತ್ತಿಗೆ ಮುಂಚೆ ಒಂದು ಪರೀಕ್ಷೆ ಮಾಡಿಕೊಳ್ಳಲಿ. ನಿಮ್ಮ ಮಾದರಿಯನ್ನು ಬೇರೆ ತಂಡದವರೊಬ್ಬರ ಕೈಗೆ ಕೊಡಿ. ವಿವರಿಸಬೇಡಿ. ಕೋಣೆಯ ದೀಪ ಆರಿಸಿ, ಪಿಸುಮಾತೂ ಬೇಡವೆಂದು ಹೇಳಿ, ಹತ್ತು ನಿಮಿಷ ಬಿಟ್ಟು ಬನ್ನಿ. ಹೊರಬಂದಾಗ ಅವರು ಕೇಳುವ ಮೊದಲ ಪ್ರಶ್ನೆಯನ್ನು ಅವರ ಮಾತಿನಲ್ಲೇ ಬರೆದುಕೊಂಡು, ಅದರ ಉತ್ತರವನ್ನು ಸಾಧನದ ಮೇಲೆಯೇ ಕಾಣುವಂತೆ ಬರೆಯಿರಿ. ತೀರ್ಪುಗಾರರ ಮುಂದೆ ಬರುವಾಗ ಎರಡೂ ಆವೃತ್ತಿಗಳನ್ನು ತನ್ನಿ.